ನನ್ನ ರಾಜಕುಮಾರನ ಕಡೆಯಿಂದ ಒಂದು ನಮಸ್ಕಾರ

ಕಾದಂಬರಿ ಮುಗಿಯಿತು. ನಾಲ್ಕು ವರ್ಷ, ಒಂಬತ್ತು ನೋಟ್‌ಬುಕ್ಕು. ಮೊನ್ನೆ ಪ್ರಿಂಟಾಗಿ ಮನೆಗೆ ಬಂತು. ಕಟ್ಟು ಬಿಚ್ಚಿದ್ದು ಅಮ್ಮ. ಪುಸ್ತಕದಲ್ಲಿ ಥ್ಯಾಂಕ್ಸ್ ಹೇಳಲು ಒಂದೇ ಪುಟ ಸಿಕ್ಕಿತ್ತು, ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅದೊಂದು ರಾಜ್ಯ. ಅಲ್ಲಿ ಮಳೆ ನಿಂತರೆ ರಾಜ ಸಾಯುತ್ತಾನೆ. ಒಂದೊಂದು ಒಣ ದಿನ ಕಳೆದಂತೆ ಯುವರಾಜನಿಗೆ ಸಿಂಹಾಸನ ಹತ್ತಿರವಾಗುತ್ತಾ ಹೋಗುತ್ತದೆ. ಅವನಿಗೋ ಅಪ್ಪ ಬೇಕು, ಸಿಂಹಾಸನ ಬೇಡ.

ಮೊದಲ ವರ್ಷ ಈ ಹುಡುಗ ಬರೀ ಗೊಂಬೆ. ಕಿರೀಟ, ಕತ್ತಿ, ಕುದುರೆ ಎಲ್ಲ ಇತ್ತು, ಜೀವ ಇರಲಿಲ್ಲ. ಅಡಿಕೆ ಸುಲಿತದ ದಿನ ರಾತ್ರಿ ಚಪ್ಪರದಲ್ಲಿ ಕೂತು ಸುಲಿಯುವವರಿಗೆ ಎರಡು ಅಧ್ಯಾಯ ಓದಿ ಹೇಳಿದೆ. ಮೆಟ್ಟುಗತ್ತಿ ಮುಂದೆ ಕೂತಿದ್ದ ಹಿರಿಯ ಅಕ್ಕ ಕೈ ನಿಲ್ಲಿಸದೆ ಕೇಳಿದರು: "ಅಲ್ಲ ತಮ್ಮಾ, ನಿನ್ನ ರಾಜಕುಮಾರ ಬೆಳಿಗ್ಗೆ ಎದ್ದು ಎಂತ ಮಾಡ್ತಾನೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಕೆಲಸ ಇಲ್ದೆ ಇದ್ರೆ ಅವನಿಗೆ ಅಳು ಬರದೇ ಇನ್ನೇನು" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಎರಡು ಅಧ್ಯಾಯವನ್ನೂ ಹರಿದು ಹಾಕಿದೆ. ಅಕ್ಕಾ, ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ. ನಮಸ್ಕಾರ ಮಾತ್ರ ತಗೊಳ್ಳಿ.

ಆಮೇಲೆ ನಮ್ಮ ಇತಿಹಾಸದ ಮೇಷ್ಟ್ರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದೆ. ಜಡಿಮಳೆಯಲ್ಲಿ ನನ್ನನ್ನು ನಗರ ಅನ್ನುವ ಊರಿನ ಕೋಟೆಗೆ ಕರೆದುಕೊಂಡು ಹೋಗಿ, ಜಾರುವ ಮೆಟ್ಟಿಲ ಮೇಲೆ ಛತ್ರಿ ಹಿಡಿದು ನಿಂತೇ ಪಾಠ ಮಾಡಿದರು. ಹೈದರಾಲಿ 1763ರಲ್ಲಿ ಗೆದ್ದುಕೊಳ್ಳುವವರೆಗೆ ಇದು ಬಿದನೂರು, ಕೆಳದಿ ಅರಸರ ರಾಜಧಾನಿ. "ಯುವರಾಜ ಅಂದ್ರೆ ಕುದುರೆ ಏರಿಯೇ ಬರಬೇಕೇನಯ್ಯಾ?" ಅಂದರು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಗೆ ಹೊರಟಿದ್ದ. ಬೆನ್ನ ಹಿಂದೆ ಔರಂಗಜೇಬನ ಸೈನ್ಯ. ವಯಸ್ಸು ಇನ್ನೂ 19. ಆಗ ಅವನಿಗೆ ಆಶ್ರಯ ಕೊಟ್ಟವಳು ಕೆಳದಿ ಚೆನ್ನಮ್ಮಾಜಿ. ಇನ್ನೊಬ್ಬರ ಮಗನನ್ನು ಕಾಪಾಡಿದ ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಬಸಪ್ಪ ನಾಯಕನನ್ನು ದತ್ತು ತಗೊಂಡು ಪಟ್ಟಕ್ಕೆ ತಯಾರು ಮಾಡಿದಳು. ನನ್ನ ಏಳನೇ ಅಧ್ಯಾಯದ ರಾಣಿ ಹುಟ್ಟಿದ್ದು ಆ ಮೆಟ್ಟಿಲ ಮೇಲೆ. ಮೇಷ್ಟ್ರಿಗೆ ಮಾರನೇ ದಿನ ಶೀತ. ಅದಕ್ಕೆ ಕ್ಷಮೆ ಬೇರೆ ಕೇಳಬೇಕು.

ಮೂರನೇ ವರ್ಷ ಜೂನ್‌ನಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲ್ಲ. ರಾತ್ರಿ ಪಾಳಿಯ ನರ್ಸಮ್ಮ ಫ್ಲಾಸ್ಕಿನಲ್ಲಿ ತಂದು ಕೊಡುತ್ತಿದ್ದ ಕಾಫಿ ಮಾತ್ರ ಮರೆಯುವುದಿಲ್ಲ.

ಇತ್ತ ಅಡಿಕೆ ತೋಟಕ್ಕೆ ಕೊಳೆ ರೋಗ ಬರುವ ಹೊತ್ತು. ನನ್ನ ಕಥೆಯಲ್ಲಿ ಮಳೆ ಬಂದರೆ ರಾಜ ಬದುಕುತ್ತಾನೆ, ನಮ್ಮ ತೋಟದಲ್ಲಿ ಮಳೆ ಬಿಡದಿದ್ದರೆ ಕಾಯಿ ಉದುರುತ್ತದೆ. ಎಂಥಾ ತಮಾಷೆ ಅಲ್ವಾ? ನಾನು ವಾಪಸ್ ಬರುವಷ್ಟರಲ್ಲಿ ಪಕ್ಕದ ಮೂರು ಮನೆಯವರು ಮೈಲುತುತ್ತ, ಸುಣ್ಣ ಕಲಸಿ ಇಡೀ ತೋಟಕ್ಕೆ ಔಷಧಿ ಹೊಡೆದು ಮುಗಿಸಿದ್ದರು. ಲೆಕ್ಕ ಕೇಳಿದರೆ "ಮುಯ್ಯಾಳು ಅಂತ ಇಟ್ಕೋ" ಅಂದರು. ಆ ಮುಯ್ಯಿ ಇನ್ನೂ ಬಾಕಿ ಇದೆ.

ನೋಟ್‌ಬುಕ್ಕಿಗೆಲ್ಲ ಬೂಷ್ಟು ಹಿಡಿದಿತ್ತು. ಅಮ್ಮ ಅವನ್ನು ಒಲೆ ಮೇಲಿನ ಅಟ್ಟದಲ್ಲಿ ಹಪ್ಪಳದ ಡಬ್ಬಿ ಪಕ್ಕ ಇಟ್ಟು ಒಣಗಿಸಿದಳು. ನಾಲ್ಕನೇ ಪುಸ್ತಕ ಈಗಲೂ ಹೊಗೆ ವಾಸನೆ ಬರುತ್ತದೆ. ಎಂಟು ತಿಂಗಳು ನಾನು ಅದನ್ನು ಮುಟ್ಟಲಿಲ್ಲ.

ಅಪ್ಪಯ್ಯ ಮೂವತ್ತು ವರ್ಷದಿಂದ ಅಂಗಳದ ಮಳೆ ಮಾಪಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಬೆಳಿಗ್ಗೆ ಎಂಟೂವರೆಗೆ, ಒಂದು ದಿನ ತಪ್ಪದೆ. ಮನೆಗೆ ಬಂದ ಮೇಲೆ ಅವರಿಗೆ ಅಂಗಳಕ್ಕೆ ಇಳಿಯಲು ಆಗುತ್ತಿರಲಿಲ್ಲ. ನಾನು ಅಳೆದು ಬಂದು ಹೇಳುತ್ತಿದ್ದೆ, ಅವರು ಬಲಗೈಯಲ್ಲಿ ಬರೆಯುತ್ತಿದ್ದರು. ಒಂದು ದಿನ ಕೊಳವೆ ಹಿಡಿದು ನಿಂತವನಿಗೆ ಸುಲಿತದ ಚಪ್ಪರದ ಪ್ರಶ್ನೆ ನೆನಪಾಯಿತು. ರಾಜಕುಮಾರ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ? ತಾಮ್ರದ ಚರಿಗೆಯಲ್ಲಿ ಬಿದ್ದ ಮಳೆ ಅಳೆದು, ಮಲಗಿರುವ ಅಪ್ಪನಿಗೆ ಹೋಗಿ ಹೇಳುತ್ತಾನೆ. ಕಮ್ಮಿ ಬಿದ್ದ ದಿನ ಸುಳ್ಳು ಹೇಳುತ್ತಾನೆ. ಅವತ್ತೇ ಅಟ್ಟದಿಂದ ನೋಟ್‌ಬುಕ್ ಇಳಿಸಿದೆ.

ಅಪ್ಪಯ್ಯ ಈಗ ಕೋಲು ಹಿಡಿದು ಓಡಾಡುತ್ತಾರೆ. ಪುಸ್ತಕ ನೂರನೇ ಪುಟದವರೆಗೆ ಓದಿದ್ದಾರೆ. ಇಲ್ಲಿಯವರೆಗೆ ಒಂದೇ ತಕರಾರು: "ಚರಿಗೇಲಿ ಅಳೆದ್ರೆ ಲೆಕ್ಕ ಸರಿ ಬರಲ್ಲ ಮಾರಾಯ, ಬಾಯಿ ಅಗಲ ಎಷ್ಟು ಅಂತ ಬರೀಬೇಕಿತ್ತು."

ಎರಡನೇ ಮುದ್ರಣ ಆದರೆ ಬರೆಯುತ್ತೇನೆ, ಅಪ್ಪಯ್ಯ.