ಇನ್ನು ಮುಂದೆ ಪೆಟ್ಟಿಗೆ ಬಿಚ್ಚಿ ನೋಡಿಯೇ ಕಳಿಸುತ್ತೇವೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮಲ್ಲಿ ಸೀಲ್ ಒಡೆಯದ ಹಳೇ ಮಾಡೆಲ್ ಕಾರ್ ಕಿಟ್, ಅಂದರೆ ಬಿಡಿಭಾಗಗಳನ್ನು ಜೋಡಿಸಿ ಪುಟ್ಟ ಕಾರು ಮಾಡುವ ಪೆಟ್ಟಿಗೆ, ಸಿಗುವುದಿಲ್ಲ. 1960, 70ರ ದಶಕದ ಯಾವ ಕಿಟ್ ಆದರೂ ಸರಿ, ಪೆಟ್ಟಿಗೆ ಬಿಚ್ಚಿ, ಒಳಗಿರುವುದನ್ನೆಲ್ಲ ಎಣಿಸಿ, ಫೋಟೊ ತೆಗೆದ ಮೇಲೆಯೇ ಮಾರುತ್ತೇವೆ. ನಿಮ್ಮಲ್ಲಿ ಹಲವರು ಸೀಲ್ ಇರುವ ಪೆಟ್ಟಿಗೆಗೆ ಜಾಸ್ತಿ ದುಡ್ಡು ಕೊಟ್ಟು, ಅದನ್ನು ಹಾಗೇ ಕಪಾಟಿನಲ್ಲಿ ಜೋಪಾನ ಮಾಡುವವರು. ನಿಮಗೆ ಬೇಸರ ಆಗಬಹುದು ಅಂತ ಗೊತ್ತು. ಅದಕ್ಕೇ ಕಾರಣವನ್ನು ವಿವರವಾಗಿ ಬರೆಯುತ್ತಿದ್ದೇವೆ.

ಕಳೆದ ವರ್ಷ ಬೆಂಗಳೂರಿನ ಗ್ರಾಹಕರೊಬ್ಬರು ನಮ್ಮಿಂದ ಸೀಲ್ ಇದ್ದ ಕಿಟ್ ತರಿಸಿಕೊಂಡರು. 60ರ ದಶಕದ್ದು. ಮಗನ ಹುಟ್ಟುಹಬ್ಬದ ದಿನ ಇಬ್ಬರೂ ಕೂತು ಬಿಚ್ಚಿದ್ದಾರೆ. ಒಂದು ಟೈರ್ ಎತ್ತಿದರೆ ಅದರ ಜೊತೆಗೇ ಮುಂದಿನ ಗಾಜೂ ಎದ್ದು ಬಂತಂತೆ. ನಿಧಾನವಾಗಿ ಬಿಡಿಸಿ ನಮಗೆ ಫೋಟೊ ಕಳಿಸಿದರು. ಗಾಜಿನ ನಟ್ಟನಡುವೆ ಅರ್ಧಚಂದ್ರದ ಗುರುತು, ಅದರೊಳಗೆ ಟೈರಿನ ಗೀರುಗಳೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಉಜ್ಜಿದರೆ ಹೋಗುವಂಥದ್ದಲ್ಲ, ಪ್ಲಾಸ್ಟಿಕ್ಕೇ ಕರಗಿತ್ತು. ಅವರ ದುಡ್ಡು ವಾಪಸ್ ಕೊಟ್ಟೆವು. ಆ ಹುಡುಗನ ಹುಟ್ಟುಹಬ್ಬವನ್ನು ವಾಪಸ್ ಕೊಡಲು ಆಗಲಿಲ್ಲ.

ಇದು ಯಾಕಾಗುತ್ತದೆ ಅಂದರೆ, ಈ ಕಿಟ್‌ಗಳ ಬಾಡಿ, ಗಾಜು ಎಲ್ಲ ಸ್ಟೈರೀನ್ ಪ್ಲಾಸ್ಟಿಕ್. ಟೈರು ಮಾತ್ರ ಮೆತ್ತನೆಯ ವಿನೈಲ್. ವಿನೈಲ್ ಮೆತ್ತಗಿರಲಿ ಅಂತ ಅದಕ್ಕೆ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಗೆ ಒಸರಿ, ತಾಗಿದ ಸ್ಟೈರೀನನ್ನು ಕರಗಿಸುತ್ತದೆ. ಸೀಲ್ ಒಡೆಯದ ಪೆಟ್ಟಿಗೆಯಲ್ಲಿ ಟೈರು ಗಾಜಿಗೆ ಒರಗಿಕೊಂಡಿದ್ದರೆ ಐವತ್ತು ಅರವತ್ತು ವರ್ಷ ಹಾಗೇ ಇರುತ್ತದೆ. ಹೊರಗೆ ಸೀಲ್ ಹೊಳೆಯುತ್ತಿದ್ದರೂ ಒಳಗೆ ಕಾರು ಹಾಳಾಗುತ್ತಿರುತ್ತದೆ.

ಒಂದು ಗಾಜು ತಾನೇ, ಬೇರೆ ಹಾಕಿದರಾಯಿತು ಅನ್ನಬಹುದು. ಆದರೆ ಎಷ್ಟೋ ಕಾರುಗಳಿಗೆ ಬೇರೆ ಗಾಜೇ ಸಿಗುವುದಿಲ್ಲ. ಅದು ಈ ಕಿಟ್‌ಗಳು ಹುಟ್ಟಿದ ರೀತಿಯಿಂದಲೇ ಬಂದ ತೊಂದರೆ.

ಇವು ಶುರುವಾಗಿದ್ದು ಆಟಿಕೆ ಅಂಗಡಿಗೆಂದಲ್ಲ, ಕಾರಿನ ಶೋರೂಮಿಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್ ಸುತ್ತಮುತ್ತ ಎಎಂಟಿ, ಜೋ-ಹ್ಯಾನ್ ಥರದ ಪುಟ್ಟ ಮಾಡೆಲ್ ಕಾರು ಮಾಡುವ ಚಿಕ್ಕ ಕಂಪನಿಗಳು ಹುಟ್ಟಿದವು. ಎಎಂಟಿ ಶುರುವಾಗಿದ್ದು 1948ರಲ್ಲಿ. ಅದರ ಮೊದಲ ಮಾಡೆಲ್, ಒಂದು ಫೋರ್ಡ್ ಕಾರು, ಅಲ್ಯೂಮಿನಿಯಮ್‌ನದು, ಬೇಗನೇ ಪ್ಲಾಸ್ಟಿಕ್‌ಗೆ ಬದಲಾದರು. ಆ ವರ್ಷದ ಹೊಸ ಕಾರನ್ನು 25ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ, ಕಾರ್ಖಾನೆಯ ನಿಜವಾದ ಬಣ್ಣಗಳಲ್ಲೇ ತಯಾರಿಸಿ ಡೀಲರ್‌ಗಳಿಗೆ ಕೊಡುತ್ತಿದ್ದರು. ಅಪ್ಪ ಕಾರು ನೋಡಲು ಹೋದರೆ ಮಗುವಿನ ಕೈಗೆ ಪುಟ್ಟ ಕಾರು. ಇವನ್ನೇ ನಾವು ಪ್ರೊಮೊ ಅನ್ನುವುದು. 1958ರಲ್ಲಿ ಎಎಂಟಿ ಅದೇ ಬಾಡಿಗಳನ್ನು ಜೋಡಿಸದೆ ಪೆಟ್ಟಿಗೆಗೆ ಹಾಕಿ, ಜೊತೆಗೆ ಅಲಂಕಾರದ ಭಾಗಗಳನ್ನೂ ರೇಸ್ ಭಾಗಗಳನ್ನೂ ಸೇರಿಸಿ, ಮೂರು ಬಗೆಯಲ್ಲಿ ಕಟ್ಟಬಹುದಾದ ಕಿಟ್ ಮಾಡಿತು. ಆ ಮೊದಲ ಕಿಟ್‌ಗಳಿಗೆ ಎಂಜಿನ್ನೂ ಇರಲಿಲ್ಲ, ತೆರೆಯುವ ಬಾನೆಟ್ಟೂ ಇರಲಿಲ್ಲ. ಪ್ರೊಮೊದ ರಕ್ತ ಅಲ್ಲೇ ಕಾಣುತ್ತದೆ, ಅಲ್ವಾ?

ಡೀಲರ್‌ಗೆ ಬೇಕಾಗಿದ್ದು ಈ ವರ್ಷದ ಕಾರು ಮಾತ್ರ. ಹೋದ ವರ್ಷದ್ದು ಇಟ್ಟುಕೊಂಡು ಏನು ಮಾಡುತ್ತಾನೆ? ಹಾಗಾಗಿ ಹೊಸ ಕಾರು ಬಂದಾಗಲೆಲ್ಲ ಅದೇ ಉಕ್ಕಿನ ಅಚ್ಚನ್ನು ಕೊರೆದು ತಿದ್ದುತ್ತಿದ್ದರು. ಹಳೇ ಮುಖ, ಹಳೇ ಬಾಲದ ದೀಪ ಅಲ್ಲಿಗೆ ಮುಗಿಯಿತು. ಕೆಲವು ಅಚ್ಚುಗಳು ಉಳಿದಿವೆ. ಎಎಂಟಿ ಮತ್ತು ಅಂಥದೇ ಇನ್ನೊಂದು ಕಂಪನಿ ಎಂಪಿಸಿಯ ಹೆಸರುಗಳನ್ನು ಈಗ ಇಟ್ಟುಕೊಂಡಿರುವ ರೌಂಡ್ 2 ಕಂಪನಿ ಅಂಥವುಗಳಿಂದ ಹಳೇ ಕಿಟ್‌ಗಳನ್ನು ಮತ್ತೆ ತರುತ್ತಿದೆ. ಆದರೆ ತಿದ್ದಿಹೋದ ಅಚ್ಚಿನಿಂದ ಬಂದಿದ್ದು ಎಷ್ಟಿದೆಯೋ ಅಷ್ಟೇ.

ಜೋ-ಹ್ಯಾನ್‌ನ ಕ್ರೈಸ್ಲರ್ ಟರ್ಬೈನ್ ಕೈಗೆ ಸಿಕ್ಕಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಕಾರು ಕಂಪನಿ ಕ್ರೈಸ್ಲರ್ 1963ರಿಂದ 50 ಟರ್ಬೈನ್ ಕಾರುಗಳನ್ನು, ಅಂದರೆ ವಿಮಾನದ ಥರದ ಎಂಜಿನ್ ಇರುವ ಕಾರುಗಳನ್ನು, ಜನರಿಗೆ ಓಡಿಸಿ ನೋಡಲು ಕೊಟ್ಟು, ಆಮೇಲೆ ಹೆಚ್ಚಿನವನ್ನು ತಾನೇ ನಾಶ ಮಾಡಿತು. ಉಳಿದ ನಿಜವಾದ ಕಾರುಗಳು ಬೆರಳೆಣಿಕೆಯಷ್ಟು. ಅಂಗೈ ಮೇಲೆ ಇಟ್ಟುಕೊಂಡು ನೋಡಲು ನಮಗೆ ಇರುವುದು ಈ ಪ್ಲಾಸ್ಟಿಕ್ಕೇ. ಅದನ್ನು ಟೈರು ತಿನ್ನಲು ಬಿಡುವ ಮನಸ್ಸು ನಮಗಿಲ್ಲ.

ಸೀಲ್ ಬಗ್ಗೆ ಇನ್ನೊಂದು ಮಾತು. ಆ ತೆಳು ಹೊದಿಕೆಯನ್ನು ಯಾರು ಬೇಕಾದರೂ ಮನೆಯಲ್ಲೇ ಬಿಸಿ ಗಾಳಿ ಊದಿ ಹಾಕಬಹುದು. ನಾವೇ ಹಾಗೆ ಒಮ್ಮೆ ಮೋಸಹೋಗಿದ್ದೇವೆ. ಸೀಲ್ ನಂಬಿ ಕೊಂಡ ಪೆಟ್ಟಿಗೆಯಲ್ಲಿ ಎರಡು ಬೇರೆ ಕಿಟ್‌ಗಳ ಭಾಗಗಳು ಬೆರೆತಿದ್ದವು, ಬಂಪರ್ ಇರಲೇ ಇಲ್ಲ.

ಇನ್ನು ಮುಂದೆ ಟೈರುಗಳನ್ನು ಬೇರೆ ಪಾಲಿಥಿನ್ ಚೀಲಕ್ಕೆ ಹಾಕಿ, ಗಾಜಿನ ಭಾಗಗಳನ್ನು ಕಾಗದದಲ್ಲಿ ಸುತ್ತಿ ಇಡುತ್ತೇವೆ. ಜೋಡಿಸುವ ಹಾಳೆ ನೋಡಿಕೊಂಡು ಎಣಿಸಿದ ಪಟ್ಟಿ ಪೆಟ್ಟಿಗೆಯೊಳಗೇ ಇರುತ್ತದೆ. ಏನಾದರೂ ಕಡಿಮೆಯಿದ್ದರೆ ಮೊದಲೇ ಹೇಳುತ್ತೇವೆ. ಸೀಲ್‌ಗೆಂದು ತೆಗೆದುಕೊಳ್ಳುತ್ತಿದ್ದ ಹೆಚ್ಚಿನ ಬೆಲೆ ಇನ್ನಿಲ್ಲ.

1950ರ ದಶಕದ ಪ್ರೊಮೊಗಳಿಗೂ ಒಂದು ಬದಲಾವಣೆ ಇದೆ. ಅವು ಬಹುಪಾಲು ಅಸಿಟೇಟ್ ಪ್ಲಾಸ್ಟಿಕ್‌ನವು. ಅದು ಕಾಲ ಕಳೆದಂತೆ ಕುಗ್ಗಿ ಸೊಟ್ಟಗಾಗುತ್ತದೆ, ಬಿಸಿ ತಗುಲಿದರೆ ಇನ್ನೂ ಬೇಗ. ಆದ್ದರಿಂದ ಪ್ರತಿಯೊಂದನ್ನೂ ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಫೋಟೊ ಹಾಕುತ್ತೇವೆ. ಬಾಗಿರುವುದು ನಿಮಗೇ ಕಾಣುತ್ತದೆ. ಬೇಸಿಗೆ ತಿಂಗಳುಗಳಲ್ಲಿ ಇವನ್ನು ಪಾರ್ಸೆಲ್ ಮಾಡುವುದಿಲ್ಲ.

ಸೀಲ್ ಇರುವ ಕಿಟ್‌ಗೆ ಈಗಾಗಲೇ ದುಡ್ಡು ಕಟ್ಟಿದವರು ಈ ತಿಂಗಳ ಕೊನೆಯೊಳಗೆ ನಮಗೆ ತಿಳಿಸಿ. ಬಿಚ್ಚಿ ಕಳಿಸಬೇಕೋ, ದುಡ್ಡು ವಾಪಸ್ ಬೇಕೋ, ನೀವು ಹೇಳಿದ ಹಾಗೆ. ನಮ್ಮಿಂದ ಹಿಂದೆ ಕೊಂಡ ಸೀಲ್ ಪೆಟ್ಟಿಗೆ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಈ ವಾರವೇ ಬಿಚ್ಚಿ, ಟೈರುಗಳನ್ನು ಬೇರೆ ಇಡಿ. ಗಾಜು ಕರಗಿದ್ದರೆ ಫೋಟೊ ಕಳಿಸಿ. ಹೊಂದುವ ಗಾಜು ನಮ್ಮ ಬಿಡಿಭಾಗಗಳ ಡಬ್ಬದಲ್ಲಿದ್ದರೆ ದುಡ್ಡು ತೆಗೆದುಕೊಳ್ಳದೆ ಕಳಿಸಿಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯವರೆಲ್ಲರ ಪರವಾಗಿ