ಅರ್ಧ ಸೆಕೆಂಡು ನಿಲ್ಲಿಸಿ ಸಾರ್: ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ಷೇರುಪೇಟೆಯಲ್ಲಿ ಹಾಕಿದ ಆರ್ಡರನ್ನು ಅರ್ಧ ಸೆಕೆಂಡಿನೊಳಗೆ ಕ್ಯಾನ್ಸಲ್ ಮಾಡಲು ಬಿಡಬೇಡಿ ಅಂತ ಕೇಳಲು ಈ ಪತ್ರ. ನಾನು ಸಾಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು. ನಾಲ್ಕು ವರ್ಷದಿಂದ ನಿಫ್ಟಿ ಆಪ್ಷನ್‌ಗೆ, ಅಂದರೆ ನಿಫ್ಟಿ ಸೂಚ್ಯಂಕ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಹಾಕುವ ವಾಯಿದೆ ವ್ಯಾಪಾರಕ್ಕೆ, ಕೈ ಹಾಕಿದ್ದೇನೆ. ಹತ್ತರಲ್ಲಿ ಒಂಬತ್ತು ಜನ ಕಳೆದುಕೊಳ್ಳುತ್ತಾರೆ ಅಂತ ನಿಮ್ಮ ಎಚ್ಚರಿಕೆ ಆ್ಯಪ್‌ನಲ್ಲಿ ಬರುತ್ತದೆ. ಕಳೆದದ್ದು ಯಾರ ಜೇಬಿಗೆ ಹೋಯಿತು ಅಂತ ಅಲ್ಲಿ ಬರೆದಿರುವುದಿಲ್ಲ.

ಅದನ್ನು 2024ರ ಸೆಪ್ಟೆಂಬರ್ ವರದಿಯಲ್ಲಿ ನೀವೇ ಹೇಳಿದ್ದೀರಿ. ನಮ್ಮಂಥವರು ಮೂರು ವರ್ಷದಲ್ಲಿ ಕಳೆದುಕೊಂಡದ್ದು 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. 2023-24ರಲ್ಲಿ ಸ್ವಂತ ದುಡ್ಡು ಹೂಡಿ ಆಡುವ ಟ್ರೇಡಿಂಗ್ ಕಂಪನಿಗಳಿಗೆ 33,000 ಕೋಟಿ, ವಿದೇಶಿ ಹೂಡಿಕೆದಾರರಿಗೆ 28,000 ಕೋಟಿ ಲಾಭ. ಅದರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಅಲ್ಗೋದ್ದು, ಅಂದರೆ ಯಂತ್ರದ್ದು.

ನನ್ನ ಕಥೆ ಕೇಳಿ. ಎಕ್ಸ್‌ಪೈರಿ ದಿನ, ಅಂದರೆ ಆಪ್ಷನ್‌ನ ವಾಯಿದೆ ಮುಗಿಯುವ ದಿನ, ಮಧ್ಯಾಹ್ನ 3 ಗಂಟೆ ದಾಟಿತ್ತು. ಮಗಳ ಹಾಸ್ಟೆಲ್ ಫೀಸಿಗೆ ಎತ್ತಿಟ್ಟ ದುಡ್ಡು. (ಬೈಯಬೇಡಿ, ಮನೆಯಲ್ಲಿ ಆಗಲೇ ಬೈದಾಗಿದೆ.) 42 ರೂಪಾಯಿಯ ಆಪ್ಷನ್ 20 ಲಾಟ್ ಕೊಂಡಿದ್ದೆ (ಲಾಟ್ ಅಂದರೆ ಹಲವು ಆಪ್ಷನ್‌ಗಳ ಒಂದು ಕಟ್ಟು). ಬೆಲೆ 30ಕ್ಕೆ ಇಳಿದರೆ ತಾನಾಗೇ ಮಾರಲಿ ಅಂತ ಸ್ಟಾಪ್‌ಲಾಸ್, 28ಕ್ಕಿಂತ ಕಡಿಮೆಗೆ ಮಾರುವುದು ಬೇಡ ಅಂತ ಲಿಮಿಟ್. ಸ್ಕ್ರೀನಿನಲ್ಲಿ 35, 34, 33ಕ್ಕೆ ಕೊಳ್ಳುವವರು ಸಾವಿರಗಟ್ಟಲೆ ಸಾಲಾಗಿ ನಿಂತಿದ್ದರು. ಗಿರಾಕಿಗೆ ಎರಡು ಕೆಜಿ ಮೊಳೆ ತೂಗಿ ತಿರುಗಿ ನೋಡುತ್ತೇನೆ, ಬೆಲೆ 9! ಸಾಲಿಗೆ ಸಾಲೇ ಮಾಯ. ನನ್ನ ಆರ್ಡರ್ 28ರಲ್ಲಿ ಹಾಗೇ ನೇತಾಡುತ್ತಿತ್ತು. ಕೈ ನಡುಗಿ, ಕ್ಯಾನ್ಸಲ್ ಮಾಡಿ, 6ಕ್ಕೆ ಮಾರಿದೆ. ಐದೇ ನಿಮಿಷಕ್ಕೆ ಅದೇ ಆಪ್ಷನ್ 38. ಹೋದದ್ದು 54,000. ಬ್ರೋಕರ್‌ಗೆ ಫೋನ್ ಮಾಡಿದರೆ, "ಸಿಸ್ಟಮ್ ಸರಿಯಾಗೇ ಕೆಲಸ ಮಾಡಿದೆ ಸರ್" ಅಂದರು. ಹೌದು, ಯಾರಿಗೋ ಸರಿಯಾಗೇ ಮಾಡಿದೆ.

ಅದು ಯಂತ್ರದ್ದೇ ಕೆಲಸ ಅನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ಕೊಳ್ಳುವವರ ಆ ಸಾಲನ್ನೆಲ್ಲ ಮನುಷ್ಯನ ಬೆರಳು ಅಷ್ಟು ಬೇಗ ಕ್ಯಾನ್ಸಲ್ ಮಾಡಲ್ಲ, ಅಲ್ವಾ? ಆ ಟ್ರೇಡಿಂಗ್ ಕಂಪನಿಗಳ ಕಂಪ್ಯೂಟರ್ ಷೇರು ಎಕ್ಸ್‌ಚೇಂಜಿನ ಒಳಗೇ ಬಾಡಿಗೆಗೆ ಕೂತಿದೆ. ನನ್ನ ಫೋನಿಗೆ ಮಳೆ ಬಂದರೆ ಒಂದೇ ಕಡ್ಡಿ ನೆಟ್‌ವರ್ಕ್. ನಮ್ಮ ಅಡಿಕೆ ಮಂಡಿಯಲ್ಲಿ ರೇಟು ಹೇಳಿ ಮರುಕ್ಷಣ "ಇಲ್ಲ" ಅಂದವನ ಜೊತೆ ಮತ್ತೆ ಯಾರೂ ವ್ಯಾಪಾರ ಮಾಡಲ್ಲ.

ನಾನು ಕೇಳುವುದು ಒಂದೇ. ಹಾಕಿದ ಆರ್ಡರ್ ಕ್ಯಾನ್ಸಲ್ ಆಗದೆ ಅರ್ಧ ಸೆಕೆಂಡಾದರೂ ನಿಲ್ಲಲಿ. ಇದು ನನ್ನ ತಲೆಯಿಂದ ಬಂದದ್ದಲ್ಲ. ಆರ್ಡರ್ ಇಂತಿಷ್ಟು ಹೊತ್ತು ನಿಲ್ಲಲೇಬೇಕು ಎಂಬ ಸಲಹೆ 2016ರ ಆಗಸ್ಟ್‌ನ ನಿಮ್ಮದೇ ಚರ್ಚಾ ಪತ್ರದಲ್ಲಿತ್ತು. ಜನರ ಅಭಿಪ್ರಾಯವನ್ನೂ ಕೇಳಿದ್ದಿರಿ. ಆಮೇಲೆ? 2025ರ ಜುಲೈನಲ್ಲಿ, ಸೂಚ್ಯಂಕವನ್ನು ಬೇಕಂತಲೇ ಏರಿಳಿಸಿದ ಆರೋಪದಲ್ಲಿ, ಅಮೆರಿಕದ ಟ್ರೇಡಿಂಗ್ ಕಂಪನಿ ಜೇನ್ ಸ್ಟ್ರೀಟ್‌ನ 4,843 ಕೋಟಿ ತಡೆಹಿಡಿಯುವ ಮಧ್ಯಂತರ ಆದೇಶ ಹೊರಡಿಸಿದಿರಿ. ಅವರು ತಪ್ಪು ಒಪ್ಪಿಲ್ಲ. ಆ ಜಗಳ ನಡೆಯಲಿ. ನನಗೆ ಬೇಕಿರುವುದು ಅರ್ಧ ಸೆಕೆಂಡು.

54,000 ವಾಪಸ್ ಕೊಡಿ ಅನ್ನುತ್ತಿಲ್ಲ. ಆರ್ಡರ್ ಅರ್ಧ ಸೆಕೆಂಡು ನಿಲ್ಲಲಿ ಸಾರ್. ಆಗಲ್ಲ ಅಂದರೆ 2016ರ ಆ ಕಾಗದ ಯಾವ ಕಪಾಟಿನಲ್ಲಿದೆ ಅಂತಲಾದರೂ ತಿಳಿಸಿ.

ಇಂತಿ,
ಸಾಗರದ ಒಬ್ಬ ಅಂಗಡಿಯವ