ಎರಡು ದಿನ ಮೊದಲು ಹೇಳಿ, ಅಷ್ಟೇ ಸಾಕು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಇದೇ ವಿಷಯವಾಗಿ ತಮಗೆ ಈವರೆಗೆ ಮೂರು ಮನವಿ ಕೊಟ್ಟಿದ್ದೇನೆ. ಮೊದಲನೆಯದನ್ನು ನಮ್ಮೂರ ಭಜನಾ ಮಂದಿರದ ಕಾರ್ಯಕ್ರಮಕ್ಕೆ ತಾವು ಬಂದಾಗ ಕೈಗೇ ಕೊಟ್ಟೆ. ತಾವು ಅದನ್ನು ತೆರೆಯದೆ ಹಿಂದೆ ನಿಂತಿದ್ದವರಿಗೆ ದಾಟಿಸಿದಿರಿ. ಉಳಿದೆರಡರ ಮೊಹರು ಬಿದ್ದ ಪ್ರತಿಗಳು ನನ್ನ ಬಳಿ ಇವೆ, ಉತ್ತರ ಮಾತ್ರ ಬಂದಿಲ್ಲ. ಆದ್ದರಿಂದ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಾನು ಕೇಳುವುದು ಒಂದೇ. ಗೇರು ಹೂಬಿಡುವ ಕಾಲದಲ್ಲಿ ಕೀಟನಾಶಕ ಸಿಂಪಡಿಸುವವರು ಎರಡು ದಿನ ಮೊದಲು ಸುತ್ತಲಿನ ಜೇನು ಕೃಷಿಕರಿಗೆ ತಿಳಿಸುವಂತೆ ಮಾಡಿ.

ನಾನು ದಕ್ಷಿಣ ಕನ್ನಡದ ಒಂದು ಮೂಲೆಯಲ್ಲಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು, ಸಾಕುವವಳು. ಪೆಟ್ಟಿಗೆ ತೆರೆಯುವುದನ್ನು ಕಲಿಸಿದವರು ನನ್ನ ಮಾವ. 1991–92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆಗಳನ್ನು ಬಹುಪಾಲು ಅಳಿಸಿಹಾಕಿದಾಗ ಅವರ ಅರುವತ್ತು ಪೆಟ್ಟಿಗೆಗಳಲ್ಲಿ ಎರಡು ಉಳಿದವು. ಮರಿಗಳು ಎರಿಯ (ಮೇಣದ ಗೂಡಿನ) ಒಳಗೇ ನೀರು ತುಂಬಿದ ಚೀಲಗಳಂತಾಗಿ ಸಾಯುತ್ತಿದ್ದವಂತೆ. ಅದಕ್ಕೆ ಔಷಧಿ ಇರಲಿಲ್ಲ, ಈಗಲೂ ಇಲ್ಲ. ಮರದ ಪೊಟರೆಗಳಲ್ಲಿ, ಹುತ್ತಗಳಲ್ಲಿ ಬದುಕುಳಿದ ಜೇನು ಕುಟುಂಬಗಳನ್ನು ಹುಡುಕಿ ತಂದು ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಯಾರನ್ನೂ ದೂರಲಿಲ್ಲ, ದೂರುವುದಕ್ಕೆ ಯಾರೂ ಇರಲಿಲ್ಲ. ನನ್ನ ಸಂಗತಿ ಹಾಗಲ್ಲ.

ಕಳೆದ ಜನವರಿಯ ಕೊನೆಯ ವಾರ, ನಮ್ಮ ತೋಟಕ್ಕೆ ತಾಗಿಕೊಂಡ ಗುಡ್ಡೆಯ ಗೇರು ಫಸಲನ್ನು ಗುತ್ತಿಗೆಗೆ ಹಿಡಿದವರು ಗೇರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಔಷಧಿ ಹೊಡೆಸಿದರು. ಹೊಡೆದದ್ದು ಬೆಳಿಗ್ಗೆ ಒಂಬತ್ತಕ್ಕೆ, ಹೂವು ಅರಳಿ ಜೇನುನೊಣಗಳು ಅದರ ಮೇಲೆ ಕೂತಿರುವ ಹೊತ್ತಿಗೆ. ನಮಗೆ ಗೊತ್ತಾದದ್ದು ವಾಸನೆಯಿಂದ.

ಮಧ್ಯಾಹ್ನ ಪೆಟ್ಟಿಗೆಗಳ ಬಳಿ ಹೋದಾಗ ಕಂಡದ್ದನ್ನು ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಹಿಂದಿರುಗಿದ ನೊಣಗಳಿಗೆ ಬಾಗಿಲ ಹಲಗೆಯ ಮೇಲೆ ಇಳಿಯಲು ಆಗುತ್ತಿರಲಿಲ್ಲ. ನೆಲಕ್ಕೆ ಬಿದ್ದು, ನಾಲಿಗೆ ಹೊರಚಾಚಿ, ಇದ್ದಲ್ಲೇ ಗಿರಗಿರನೆ ಸುತ್ತುತ್ತಿದ್ದವು. ಕೆಲವುಗಳ ಹಿಂಗಾಲಿನಲ್ಲಿ ಪರಾಗದ ಉಂಡೆ ಹಾಗೆಯೇ ಇತ್ತು. ಸಾಯುತ್ತಿದ್ದರೂ ಮನೆಗೆ ತಂದಿದ್ದವು. ಒಳಗಿದ್ದ ನೊಣಗಳು ಅವುಗಳನ್ನು ಎಳೆದೆಳೆದು ಹೊರಹಾಕುತ್ತಿದ್ದವು, ಸ್ವಲ್ಪ ಹೊತ್ತಿನಲ್ಲಿ ಅವೂ ಬೀಳುತ್ತಿದ್ದವು. ಸಂಜೆ ಪೊರಕೆಯಿಂದ ಗುಡಿಸಿ ಮೊರಕ್ಕೆ ತುಂಬಿದೆ. ಒಂದು ಮೊರ ಸಾಲಲಿಲ್ಲ. ಮುಂದಿನ ವಾರದಲ್ಲಿ ಮರಿಗಳಿಗೆ ಉಣಿಸುವವರಿಲ್ಲದೆ, ಕಾವು ಕೊಡುವವರಿಲ್ಲದೆ ಎರಿಗಳು ಕಪ್ಪಾದವು. ಆಮೇಲೆ ಇರುವೆ, ಆಮೇಲೆ ಮೇಣದ ಪತಂಗ. ಮೂವತ್ತನಾಲ್ಕು ಪೆಟ್ಟಿಗೆಗಳಲ್ಲಿ ಹತ್ತೊಂಬತ್ತು ಖಾಲಿಯಾದವು. ಒಂದರಲ್ಲಿ ರಾಣಿ ಮತ್ತು ಅವಳ ಸುತ್ತ ಒಂದು ಹಿಡಿಯಷ್ಟು ನೊಣಗಳು ಉಳಿದಿದ್ದವು. ಐದನೆಯ ದಿನ ಅವೂ ಇರಲಿಲ್ಲ.

ನಮ್ಮಲ್ಲಿ ರಬ್ಬರ್ ಚಿಗುರುವಾಗಲೇ ಜೇನು ತುಂಬುವುದು, ಅಂದರೆ ಫೆಬ್ರವರಿ, ಮಾರ್ಚ್. ಅದಕ್ಕೆಂದು ಕುಟುಂಬಗಳನ್ನು ನವೆಂಬರ್‌ನಿಂದ ಬಲಪಡಿಸುತ್ತಾ ಬಂದಿರುತ್ತೇವೆ. ಬದುಕುಳಿದ ಹದಿನೈದಕ್ಕೂ ಆ ಬಲ ಉಳಿದಿರಲಿಲ್ಲ. ಇಡೀ ವರ್ಷದ ಆದಾಯ ಒಂದೇ ಬೆಳಿಗ್ಗೆ ಹೋಯಿತು.

ಸತ್ತ ನೊಣಗಳನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಂಡು ಕಚೇರಿಗಳಿಗೆ ಅಲೆದೆ. ಕೃಷಿಯವರು, ಗೇರು ತೋಟಗಾರಿಕೆಗೆ ಸೇರಿದ್ದು ಎಂದರು. ತೋಟಗಾರಿಕೆಯವರು, ಪೆಟ್ಟಿಗೆಗೆ ಸಹಾಯಧನ ಕೊಡುವುದಷ್ಟೇ ತಮ್ಮ ಕೆಲಸ, ಸತ್ತದ್ದನ್ನು ಬರೆದುಕೊಳ್ಳಲು ತಮ್ಮಲ್ಲಿ ಕಾಲಂ ಇಲ್ಲ ಎಂದರು. ಪಶುವೈದ್ಯರು ಪಾಪ, ಪ್ರಾಮಾಣಿಕವಾಗಿ ತಮಗೆ ಇದರ ಬಗ್ಗೆ ತಿಳಿಯದು ಎಂದು ಒಪ್ಪಿಕೊಂಡು ಒಂದು ಲೋಟ ನೀರು ಕೊಟ್ಟರು. ಕೊನೆಗೆ ಠಾಣೆಗೆ ಹೋದರೆ, "ಅಮ್ಮಾ, ನೊಣ ಸತ್ತಿತೆಂದು ದೂರು ಬರೆದುಕೊಂಡರೆ ನಾಳೆ ಸೊಳ್ಳೆ ಸತ್ತಿತೆಂದು ಬರುತ್ತಾರೆ. ಮನೆಯ ಯಜಮಾನರಿದ್ದರೆ ಕಳುಹಿಸಿ" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನು ಪೊಟ್ಟಣ ಹಿಡಿದುಕೊಂಡು ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕೂತಿದ್ದೆ. ಆ ನಗು ಇವತ್ತಿಗೂ ಕಿವಿಯಲ್ಲಿದೆ.

ಇದಾದ ನಾಲ್ಕು ತಿಂಗಳಿಗೆ, ಮೇ 20ರ ವಿಶ್ವ ಜೇನುನೊಣ ದಿನದಂದು, ತಾವು ವೇದಿಕೆಯಲ್ಲಿ ನನಗೆ ಶಾಲು ಹೊದಿಸಿದಿರಿ. ಜೇನು ರೈತನ ಮಿತ್ರ ಎಂದು ಭಾಷಣ ಮಾಡಿದಿರಿ. ನನಗೆ ಶಾಲು ಬೇಡ ಶಾಸಕರೇ. ಎರಡು ದಿನ ಬೇಕು.

ಕೀಟನಾಶಕ ಕಾಯ್ದೆ 1968ರದ್ದು, ಅದರ ನಿಯಮಗಳು 1971ರವು. ಅವುಗಳಲ್ಲಿ ಏನಿದೆ ಎಂದು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಮನುಷ್ಯರಿಗೆ, ಜಾನುವಾರುಗಳಿಗೆ ಅದು ಎಷ್ಟು ವಿಷ ಎಂಬುದನ್ನು ಸೂಚಿಸುತ್ತದೆಯೇ ಹೊರತು ಜೇನುನೊಣಕ್ಕೆ ಎಷ್ಟು ಎಂಬುದನ್ನಲ್ಲ. ಬಣ್ಣ ನೋಡಿ ಧೈರ್ಯ ತಂದುಕೊಂಡು ಪಂಪು ಬೆನ್ನಿಗೇರಿಸುವ ಕೂಲಿಯವನನ್ನು ನಾನು ದೂರಲಾರೆ. ಅವನಿಗೆ ಹೇಳಬೇಕಾದವರು ಹೇಳಿಲ್ಲ. ಯುರೋಪಿನ ಒಕ್ಕೂಟ 2018ರಲ್ಲಿ ಜೇನುನೊಣಗಳ ಸಲುವಾಗಿ ಇಮಿಡಾಕ್ಲೋಪ್ರಿಡ್ ಸೇರಿದಂತೆ ಮೂರು ಕೀಟನಾಶಕಗಳನ್ನು ಬಯಲಿನಲ್ಲಿ ಬಳಸುವುದನ್ನೇ ನಿಷೇಧಿಸಿತು. ನಾನು ನಿಷೇಧವನ್ನೂ ಕೇಳುತ್ತಿಲ್ಲ. ನೆರೆಯವರ ಬೆಳೆ ಹಾಳಾಗಲಿ ಎಂಬ ಆಸೆಯೂ ನನಗಿಲ್ಲ. ಗೇರಿನ ಪರಾಗ ಅಂಟು, ಗಾಳಿಗೆ ಹಾರುವಂಥದ್ದಲ್ಲ. ಕೀಟಗಳು ಕೂತೆದ್ದರೇ ಅಲ್ಲಿ ಬೀಜ ಕಚ್ಚುವುದು. ಅವರ ಫಸಲಿಗೂ ನನ್ನ ನೊಣಗಳು ಬೇಕು.

ಎರಡು ದಿನದಲ್ಲಿ ಏನು ಮಾಡುತ್ತೀರಿ ಎಂದು ತಮ್ಮ ಆಪ್ತ ಸಹಾಯಕರು ಒಮ್ಮೆ ಕೇಳಿದ್ದರು. ನಾವು ಸುತ್ತಲಿನ ಜೇನು ಕೃಷಿಕರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಕಲಿತದ್ದನ್ನು ಹಂಚಿಕೊಳ್ಳುತ್ತೇವೆ. ಅಲ್ಲಿ ಎಲ್ಲರಿಗೂ ಗೊತ್ತಿರುವ ಉತ್ತರ ಇದು. ಕತ್ತಲಾಗಿ ನೊಣಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಗಾಳಿಯಾಡುವ ಜಾಲರಿ ಹಾಕುತ್ತೇವೆ. ಮೇಲೆ ಖಾಲಿ ಜೇನುಕೋಣೆ ಇಟ್ಟು ಜಾಗ ಕೊಡುತ್ತೇವೆ, ಸಕ್ಕರೆ ಪಾಕ ಇಡುತ್ತೇವೆ, ನೆರಳು ಮಾಡಿ ಒದ್ದೆ ಗೋಣಿ ಹೊದಿಸುತ್ತೇವೆ. ಸಿದ್ಧತೆಯಿಲ್ಲದೆ ಸುಮ್ಮನೆ ಮುಚ್ಚಿದರೆ ಒಳಗಿನ ಕಾವಿಗೆ ಎರಿ ಮೆತ್ತಗಾಗಿ ಕುಸಿಯುತ್ತದೆ, ಬಾಗಿಲು ತೆರೆದೊಡನೆ ಕುಟುಂಬ ಪರಾರಿಯಾಗುತ್ತದೆ. ತುಡುವೆಗೆ ಮನಸ್ಸು ಕೆಡಲು ಹೆಚ್ಚು ಕಾರಣ ಬೇಡ. ಸಿಂಪಡಣೆ ಹೆಚ್ಚು ದಿನ ನಡೆಯುವುದಾದರೆ ಪೆಟ್ಟಿಗೆಗಳನ್ನೇ ರಾತ್ರಿ ಸಾಗಿಸಬೇಕು. ಅದೂ ಪಕ್ಕದ ತೋಟಕ್ಕಲ್ಲ, ಅಲ್ಲಿಟ್ಟರೆ ಬೆಳಗಾದೊಡನೆ ಹಳೆಯ ಜಾಗಕ್ಕೇ ಹಾರಿ ಬರುತ್ತವೆ. ಎರಡು ಮೂರು ಕಿಲೋಮೀಟರ್ ಆಚೆಗೆ ಒಯ್ಯಬೇಕು. ವಾಹನ ಬೇಕು, ಜನ ಬೇಕು, ಅಲ್ಲಿ ಜಾಗ ಕೊಡುವವರು ಬೇಕು. ಬೆಳಿಗ್ಗೆ ಒಂಬತ್ತಕ್ಕೆ ವಾಸನೆ ಬಂದ ಮೇಲೆ ಇದರಲ್ಲಿ ಯಾವುದನ್ನು ಮಾಡಲಿ?

ಇದೇ ಜಿಲ್ಲೆಯ ಗೇರು ತೋಪುಗಳ ಮೇಲೆ ಹಿಂದೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದರು. ಆ ಕೀಟನಾಶಕದ ಬಳಕೆಯನ್ನೇ ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಕೊಕ್ಕಡ, ಪಟ್ರಮೆಯ ಕಡೆ ಅದರ ನೋವನ್ನು ಇನ್ನೂ ಅನುಭವಿಸುತ್ತಿರುವ ಮನೆಗಳಿವೆ, ತಾವೂ ಹೋಗಿ ನೋಡಿದ್ದೀರಿ. ಇಂಥ ಜಿಲ್ಲೆಯಲ್ಲಿ, ವಿಷ ಹೊಡೆಯುವ ಮುನ್ನ ನೆರೆಯವರಿಗೆ ಒಂದು ಮಾತು ಹೇಳಿ ಎಂದು ಕೇಳಲು ನಾನು ನಾಲ್ಕನೆಯ ಸಲ ಪತ್ರ ಬರೆಯಬೇಕೇ?

ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಗೆ ತಾವೇ ಅಧ್ಯಕ್ಷರು. ಕೃಷಿ, ತೋಟಗಾರಿಕೆ ಇಲಾಖೆಗಳ ಅಧಿಕಾರಿಗಳು ತಮ್ಮ ಎದುರಿಗೇ ಕೂತಿರುತ್ತಾರೆ. ಪೆಟ್ಟಿಗೆಗೆ ಸಹಾಯಧನ ಪಡೆದವರ ಹೆಸರು, ಮೊಬೈಲ್ ಸಂಖ್ಯೆ ತೋಟಗಾರಿಕೆ ಇಲಾಖೆಯ ಪಟ್ಟಿಯಲ್ಲಿದೆ. ಸಿಂಪಡಿಸುವವರು ಎರಡು ದಿನ ಮೊದಲು ಗ್ರಾಮ ಪಂಚಾಯಿತಿಗೆ ಹೇಳಲಿ, ಪಂಚಾಯಿತಿ ನಮಗೆ ಫೋನ್ ಮಾಡಲಿ. ಸಾಧ್ಯವಾದರೆ ಸೂರ್ಯ ಇಳಿದ ಮೇಲೆ ಹೊಡೆಯಲಿ. ಇದಕ್ಕೆ ಅನುದಾನ ಬೇಡ, ಹೊಸ ಯೋಜನೆ ಬೇಡ, ಉದ್ಘಾಟನೆಯೂ ಬೇಡ.

ಹದಿನೈದು ಪೆಟ್ಟಿಗೆಗಳ ಕುಟುಂಬಗಳನ್ನು ಪಾಲು ಮಾಡಿ ಈಗ ಇಪ್ಪತ್ತೊಂದಕ್ಕೆ ತಂದಿದ್ದೇನೆ. ನವೆಂಬರ್‌ನಲ್ಲಿ ಗೇರು ಮತ್ತೆ ಹೂಬಿಡಲು ಶುರುವಾಗುತ್ತದೆ. ಅದಕ್ಕೂ ಮೊದಲು ಒಂದು ಕೆಡಿಪಿ ಸಭೆ ಇದೆ. ಆ ದಿನ ನಾನು ಬಾಗಿಲ ಹೊರಗೆ ಕಾಯುತ್ತಿರುತ್ತೇನೆ.

ಇಂತು,
ತಮ್ಮ ಕ್ಷೇತ್ರದ ಮತದಾರಳು, ಜೇನು ಕೃಷಿಕಳು